ಟಿಸಿಯಿಂದಾಚೆಗೆ ಲೆಕ್ಕವಿಲ್ಲದ ಕರೆಂಟು

ನಮಸ್ಕಾರ. ಲೋಡ್ ಶೆಡ್ಡಿಂಗ್ ವೇಳಾಪಟ್ಟಿಯನ್ನು ಪತ್ರಿಕೆಯಿಂದ ಕತ್ತರಿಸಿ ಅಡುಗೆಮನೆಯ ಗೋಡೆಗೆ ಅಂಟಿಸಿಕೊಳ್ಳುತ್ತಿದ್ದ ಕಾಲದವನು ನಾನು. ದೇಶದಲ್ಲಿ ವಿದ್ಯುತ್ ಸಾಲದು ಎಂಬ ಮಾತನ್ನು ಕೇಳುತ್ತಲೇ ಬೆಳೆದವರಿಗೆ, 2024ರ ಮೇ 30ರಂದು ಭಾರತವು ಸುಮಾರು 2.5 ಲಕ್ಷ ಮೆಗಾವ್ಯಾಟ್ ಬೇಡಿಕೆಯನ್ನು ಪೂರೈಸಿತೆಂಬ ಸುದ್ದಿಯನ್ನು ನಂಬಲು ಸ್ವಲ್ಪ ಹೊತ್ತೇ ಬೇಕಾಯಿತು. ಈಗ ಕೇಳಬೇಕಾದದ್ದು ಕರೆಂಟು ಎಷ್ಟಿದೆ ಎಂಬುದಕ್ಕಿಂತ, ಅದು ಯಾವ ಹೊತ್ತಿಗೆ ಸಿಗುತ್ತದೆ, ಅದರ ಹಣವನ್ನು ಯಾರು ಕಟ್ಟುತ್ತಾರೆ ಎಂಬುದು.

ಹೊತ್ತಿನ ವಿಷಯ ಮೊದಲು ಹೇಳಿಬಿಡುತ್ತೇನೆ. 2025ರ ನಡುವಿನ ವೇಳೆಗೆ ದೇಶದ ಸ್ಥಾಪಿತ ಸಾಮರ್ಥ್ಯದ (ಎಲ್ಲ ಸ್ಥಾವರಗಳೂ ಪೂರ್ತಿಯಾಗಿ ಓಡಿದರೆ ಸಿಗಬಹುದಾದ ವಿದ್ಯುತ್ತಿನ) ಅರ್ಧದಷ್ಟು ಸೌರ, ಪವನ, ಜಲ, ಅಣು ಮುಂತಾದ ಮೂಲಗಳದ್ದಾಯಿತು. ಇದು ಹೆಮ್ಮೆಯ ಸಂಗತಿಯೇ. ಆದರೂ ನಾವು ಬಳಸುವ ಯೂನಿಟ್‌ಗಳಲ್ಲಿ ಸುಮಾರು ಶೇ 70ರಷ್ಟು ಇಂದಿಗೂ ಕಲ್ಲಿದ್ದಲಿನಿಂದಲೇ ಬರುತ್ತವೆ. ಪಾವಗಡದ 2,050 ಮೆಗಾವ್ಯಾಟ್ ಸೌರ ಪಾರ್ಕ್ ನಡುಹಗಲಿನಲ್ಲಿ ಭರ್ಜರಿಯಾಗಿ ದುಡಿಯುತ್ತದೆ, ಮನೆಮನೆಯಲ್ಲಿ ದೀಪ, ಟಿವಿ, ಫ್ಯಾನ್ ಹಾಕುವ ಸಂಜೆ ಏಳರ ಹೊತ್ತಿಗೆ ಸುಮ್ಮನಾಗುತ್ತದೆ. ಆಗ 1985ರಲ್ಲಿ ಮೊದಲ ಘಟಕ ಆರಂಭಿಸಿದ ರಾಯಚೂರಿನ ಕಲ್ಲಿದ್ದಲಿನ ಶಾಖೋತ್ಪನ್ನ ಸ್ಥಾವರದಂಥವೇ ಗತಿ. ಹಗಲಿನ ಕರೆಂಟನ್ನು ಸಂಜೆಗೆ ಕೂಡಿಡಲೆಂದು ಶರಾವತಿ ಕಣಿವೆಯಲ್ಲಿ, ಸಿಂಗಳೀಕಗಳ ಅಭಯಾರಣ್ಯದೊಳಗೆ, ಹಗಲಲ್ಲಿ ನೀರನ್ನು ಮೇಲಿನ ಜಲಾಶಯಕ್ಕೆ ಪಂಪ್ ಮಾಡಿ, ಸಂಜೆ ಕೆಳಗೆ ಹರಿಸಿ ಕರೆಂಟು ತೆಗೆಯುವ 2,000 ಮೆಗಾವ್ಯಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆಯನ್ನು ಮುಂದಿಟ್ಟಿದ್ದಾರೆ. ಬ್ಯಾಟರಿಯ ಬೆಲೆ ವರ್ಷದಿಂದ ವರ್ಷಕ್ಕೆ ಇಳಿಯುತ್ತಿರುವಾಗ ಆ ಕಾಡನ್ನು ಕಡಿಯುವ ಅವಸರ ನನಗಂತೂ ಅರ್ಥವಾಗಿಲ್ಲ.

ಇಷ್ಟಾದರೂ ಹೊತ್ತಿನ ಸಮಸ್ಯೆಗೆ ಎಂಜಿನಿಯರುಗಳ ಬಳಿ ಉತ್ತರವಿದೆ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಮಾರ್ಗದ ಮೂಲಕ ದಕ್ಷಿಣದ ಜಾಲವು ದೇಶದ ಜಾಲವನ್ನು ಸೇರಿದ್ದರಿಂದಲೇ, 2023ರ ಬರದಲ್ಲಿ ಕರ್ನಾಟಕವು ಉತ್ತರ ಪ್ರದೇಶ, ಪಂಜಾಬ್‌ಗಳಿಂದ ಕರೆಂಟನ್ನು ಕೈಗಡ ತಂದು, ಮಳೆಗಾಲದಲ್ಲಿ ಹಿಂದಿರುಗಿಸುವ ಒಪ್ಪಂದ ಮಾಡಿಕೊಳ್ಳಲು ಸಾಧ್ಯವಾಯಿತು. ಹಣದ ಸಮಸ್ಯೆಗೆ ಇಂಥ ತಂತಿ ಎಳೆಯಲಾಗದು.

ನನ್ನ ಚಿಕ್ಕಪ್ಪನ ತೋಟದ ಬದುವಿನಲ್ಲಿ ಒಂದು ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್, ಇದೆ. ಅದು ತಡೆಯುವುದಕ್ಕಿಂತ ಹೆಚ್ಚು ಪಂಪ್‌ಸೆಟ್‌ಗಳು ಅದಕ್ಕೆ ಜೋಡಣೆಯಾಗಿವೆ. ಪಂಪ್ ಓಡಿಸಲು ಬೇಕಾದ ತ್ರೀ ಫೇಸ್ ಕರೆಂಟು ಬಂದ ಕೂಡಲೇ ಎಲ್ಲರೂ ಒಟ್ಟಿಗೆ ಸ್ಟಾರ್ಟರ್ ಒತ್ತುತ್ತಾರೆ, ವೋಲ್ಟೇಜ್ ಕುಸಿಯುತ್ತದೆ, ಯಾರದಾದರೊಬ್ಬರ ಮೋಟಾರಿನ ಕಾಯಿಲ್ ಸುಟ್ಟ ವಾಸನೆ ಬರುತ್ತದೆ. ಕರೆಂಟು ಪುಕ್ಕಟೆ, ಆದರೆ ರೀವೈಂಡಿಂಗ್ ಖರ್ಚು ರೈತನದ್ದು. ಮೀಟರ್ ಇಲ್ಲದ್ದರಿಂದ ಆ ಟಿಸಿಯಿಂದ ಎಷ್ಟು ಯೂನಿಟ್ ಹರಿಯಿತೆಂಬುದು ಯಾರಿಗೂ ಗೊತ್ತಿಲ್ಲ. ವಿತರಣಾ ಕಂಪನಿಯ ಕಚೇರಿಯಲ್ಲಿ ಒಂದು ಅಂದಾಜು ಬರೆದುಕೊಳ್ಳುತ್ತಾರೆ, ಅಷ್ಟೇ.

ಕರ್ನಾಟಕವೊಂದರಲ್ಲೇ 30 ಲಕ್ಷಕ್ಕೂ ಹೆಚ್ಚು ನೀರಾವರಿ ಪಂಪ್‌ಸೆಟ್‌ಗಳಿವೆ. 10 ಎಚ್‌ಪಿವರೆಗಿನವಕ್ಕೆ ವಿದ್ಯುತ್ ಉಚಿತ, ಬಹುಪಾಲಿಗೆ ಮೀಟರ್ ಇಲ್ಲ. ಪಂಜಾಬ್, ತಮಿಳುನಾಡುಗಳಲ್ಲಿಯೂ ಇದೇ ಕಥೆ. ಅಂದಾಜಿನ ಲೆಕ್ಕ ಯಾರಿಗೆ ಅನುಕೂಲ ಎಂದು ಯೋಚಿಸಿ. ತಂತಿಯಲ್ಲಿ ಸೋರಿದ ಕರೆಂಟನ್ನೂ, ಯಾರೋ ಕೊಕ್ಕೆ ಹಾಕಿ ಕದ್ದ ಕರೆಂಟನ್ನೂ ರೈತನ ಖಾತೆಗೆ ಬರೆದುಬಿಡಬಹುದು. ಆ ಖಾತೆಯ ಸಬ್ಸಿಡಿಯನ್ನು ಸರ್ಕಾರಗಳು ತಡವಾಗಿ ಕೊಟ್ಟರೆ ವಿತರಣಾ ಕಂಪನಿಗಳು ಸಾಲ ಮಾಡುತ್ತವೆ, ಉತ್ಪಾದಕರಿಗೆ ಬಾಕಿ ಉಳಿಸಿಕೊಳ್ಳುತ್ತವೆ. 2012ರಲ್ಲಿ ಸಾಲದ ಪುನರ್ರಚನೆ, 2015ರಲ್ಲಿ ‘ಉದಯ್’ ಎಂಬ ನೆರವಿನ ಯೋಜನೆ, 2021ರಲ್ಲಿ ಮತ್ತೊಂದು ಯೋಜನೆ ಎಂದು ಕೇಂದ್ರವು ಮತ್ತೆ ಮತ್ತೆ ಕೈಹಿಡಿದೆತ್ತಿದರೂ ಈ ಕಂಪನಿಗಳು ಸಾಲದಿಂದ ಹೊರಬಂದಿಲ್ಲ. 2030ರೊಳಗೆ 5 ಲಕ್ಷ ಮೆಗಾವ್ಯಾಟ್ ಶುದ್ಧ ವಿದ್ಯುತ್ತಿನ ಗುರಿ ಇಟ್ಟುಕೊಂಡ ದೇಶದಲ್ಲಿ, ಆ ವಿದ್ಯುತ್ತನ್ನು ಕೊಳ್ಳಬೇಕಾದವರೇ ದಿವಾಳಿಯ ಅಂಚಿನಲ್ಲಿದ್ದರೆ ಹೂಡಿಕೆದಾರರು ಯಾವ ಧೈರ್ಯದ ಮೇಲೆ ಬರಬೇಕು?

ಇಂದು ಮೀಟರ್ ಕೂರಿಸಿದರೆ ನಾಳೆ ಬಿಲ್ ಬರುತ್ತದೆ ಎಂಬುದು ರೈತರ ಭಯ. ಅದನ್ನು ಅಜ್ಞಾನವೆಂದು ತಳ್ಳಿಹಾಕುವವರೊಂದಿಗೆ ನನಗೆ ಸಹಮತವಿಲ್ಲ. ಮಾತು ತಪ್ಪಿದ ಸರ್ಕಾರಗಳನ್ನು ಅವರು ಸಾಕಷ್ಟು ಕಂಡಿದ್ದಾರೆ. ಹಾಗಾಗಿ ಪಂಪ್‌ಸೆಟ್ಟನ್ನು ಸದ್ಯಕ್ಕೆ ಬಿಟ್ಟು ಟಿಸಿಗೆ ಮೀಟರ್ ಹಾಕಲಿ, ಪ್ರತಿ ತಿಂಗಳ ರೀಡಿಂಗನ್ನು ಗ್ರಾಮ ಪಂಚಾಯಿತಿಯ ಫಲಕದಲ್ಲಿ ಬರೆಯಲಿ. ಉಚಿತ ವಿದ್ಯುತ್ ಹಾಗೆಯೇ ಮುಂದುವರಿಯಲಿ. ತೋಟಕ್ಕೆ ಹರಿದದ್ದೆಷ್ಟು, ದಾರಿಯಲ್ಲಿ ಸೋರಿದ್ದೆಷ್ಟು ಎಂಬುದು ಚಿಕ್ಕಪ್ಪನಿಗೂ ತಿಳಿಯಲಿ, ಅವರ ಹೆಸರಿನಲ್ಲಿ ಸಬ್ಸಿಡಿ ಪಡೆಯುವ ಕಚೇರಿಗೂ ತಿಳಿಯಲಿ.