ಮಾಡಿದವರು ಯಾರು, ಹೇಳಿದವರು ಯಾರು: ನೆಜ್ ಪರ್ಸ್ ಉದ್ಯಾನದಿಂದ ನಮ್ಮ ವಿದ್ಯಾರ್ಥಿಗಳಿಗೆ

ಮಾನ್ಯ ಶ್ರೋತೃಗಳೇ, ನಮಸ್ಕಾರ.

ಪದವಿ ತರಗತಿಗಳಲ್ಲಿ ಓದುತ್ತಿದ್ದು, ಈ ವರ್ಷವೋ ಮುಂದಿನ ವರ್ಷವೋ ಇಂಟರ್ನ್‌ಶಿಪ್‌ಗಾಗಿ ಒಂದು ವಸ್ತುಸಂಗ್ರಹಾಲಯಕ್ಕೋ, ಬುಡಕಟ್ಟು ಜನರ ವಸತಿಯಾದ ಒಂದು ಹಾಡಿಗೋ, ಒಂದು ಪೋಡಿಗೋ ಹೋಗಲಿರುವ ವಿದ್ಯಾರ್ಥಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಮಾತುಗಳನ್ನು ಸಿದ್ಧಪಡಿಸಿದ್ದೇನೆ. ನಾನು ಹೇಳಬೇಕೆಂದಿರುವುದು ಒಂದೇ ಸಂಗತಿ. ಮೂಲನಿವಾಸಿ ಜನರ ವಸ್ತುವನ್ನಾಗಲಿ, ಹಾಡನ್ನಾಗಲಿ, ಜಾಗವನ್ನಾಗಲಿ ದಾಖಲಿಸುವಾಗ ಅದನ್ನು ಮಾಡಿದವರು ಯಾರು, ಅದರ ಬಗ್ಗೆ ಹೇಳಿದವರು ಯಾರು ಎಂಬುದನ್ನು ಮೊದಲು ಬರೆದುಕೊಳ್ಳಿ. ಅಳತೆ, ತೂಕ, ಬಣ್ಣ, ಫೋಟೊ ಎಲ್ಲವೂ ಆಮೇಲೆ ಬರಲಿ.

ಇದಕ್ಕೆ ನಾನು ಆರಿಸಿಕೊಂಡಿರುವ ಉದಾಹರಣೆ ದೂರದ್ದು, ಅಮೆರಿಕದ ವಾಯವ್ಯ ಭಾಗದ ನೆಜ್ ಪರ್ಸ್ ರಾಷ್ಟ್ರೀಯ ಐತಿಹಾಸಿಕ ಉದ್ಯಾನ. ಉದ್ಯಾನ ಎಂದೊಡನೆ ಲಾಲ್‌ಬಾಗನ್ನು ಕಲ್ಪಿಸಿಕೊಳ್ಳಬೇಡಿ. 1965ರಲ್ಲಿ ಕಾನೂನಿನ ಮೂಲಕ ಸ್ಥಾಪನೆಯಾದ ಇದು ಐಡಹೋ, ಆರಿಗನ್, ವಾಷಿಂಗ್ಟನ್, ಮೊಂಟಾನಾ ಎಂಬ 4 ರಾಜ್ಯಗಳಲ್ಲಿ ಹರಡಿಕೊಂಡಿರುವ 38 ಸ್ಥಳಗಳ ಒಂದು ಸರಮಾಲೆ. ಹೊರಗಿನವರು ನೆಜ್ ಪರ್ಸ್ ಎಂದು ಕರೆದರೂ ತಮ್ಮನ್ನು ತಾವು ನಿಮೀಪೂ ಎಂದು ಕರೆದುಕೊಳ್ಳುವ ಜನರ ನೆಲವಿದು. ಕಾಮಾಯಾ ಎಂಬಲ್ಲಿ ಒಂದು ಕಲ್ಲಿನ ದಿಬ್ಬವಿದೆ. ಎಲ್ಲ ಪ್ರಾಣಿಗಳನ್ನೂ ನುಂಗಿದ ರಾಕ್ಷಸನನ್ನು ಕಯೋಟಿ ಎಂಬ ತೋಳದಂಥ ಜಾಣ ಪ್ರಾಣಿ ಕೊಂದು, ಅವನ ದೇಹದ ತುಂಡುಗಳಿಂದ ಬೇರೆ ಬೇರೆ ಜನಾಂಗಗಳನ್ನು ಸೃಷ್ಟಿಸಿ, ಕೊನೆಗೆ ಅವನ ರಕ್ತದಿಂದ ನಿಮೀಪೂ ಜನರನ್ನು ಸೃಷ್ಟಿಸಿತು ಎಂದು ಅವರ ಸೃಷ್ಟಿಕಥೆ ಹೇಳುತ್ತದೆ. ಆ ದಿಬ್ಬವೇ ರಾಕ್ಷಸನ ಹೃದಯ. ಸ್ನೇಕ್ ನದಿಯ ತಿರುವೊಂದರ ಎರಡೂ ದಡಗಳ ಬಂಡೆಗಳ ಮೇಲೆ ಅವರ ಪೂರ್ವಿಕರು ಕೊರೆದ ನೂರಾರು ಚಿತ್ರಗಳಿವೆ. ಅಮೆರಿಕದ ಸೈನ್ಯದೊಂದಿಗೆ ನಡೆದ 1877ರ ಯುದ್ಧದ ರಣಭೂಮಿಗಳೂ ಉದ್ಯಾನಕ್ಕೆ ಸೇರಿವೆ. 1855ರ ಒಪ್ಪಂದದಲ್ಲಿ ಉಳಿಸಿಕೊಂಡಿದ್ದ ನೆಲದಲ್ಲಿ ಚಿನ್ನ ಸಿಕ್ಕಿದ ಮೇಲೆ, 1863ರ ಇನ್ನೊಂದು ಒಪ್ಪಂದವು ಅದರ ಹತ್ತರಲ್ಲಿ ಒಂಬತ್ತು ಪಾಲನ್ನು ಕಿತ್ತುಕೊಂಡಿತು. ಆ ಒಪ್ಪಂದಕ್ಕೆ ಸಹಿ ಹಾಕದ ಗುಂಪುಗಳು ಹೆಂಗಸರು, ಮಕ್ಕಳು, ಮುದುಕರು ಮತ್ತು ಕುದುರೆಗಳೊಂದಿಗೆ ಸಾವಿರಕ್ಕೂ ಹೆಚ್ಚು ಮೈಲಿ ಹೋರಾಡುತ್ತಾ ಸಾಗಿ, ಕೆನಡಾದ ಗಡಿಗೆ ಸುಮಾರು 40 ಮೈಲಿ ಇರುವಾಗ, 1877ರ ಅಕ್ಟೋಬರ್ 5ರಂದು ಮೊಂಟಾನಾದ ಬೇರ್ ಪಾ ಎಂಬಲ್ಲಿ ಶರಣಾದವು.

ಅಮೆರಿಕದ ರಾಷ್ಟ್ರೀಯ ಉದ್ಯಾನಗಳಿಗೆ ಬೇಸಿಗೆ ರಜೆಯಲ್ಲಿ ವಿದ್ಯಾರ್ಥಿಗಳು ಇಂಟರ್ನ್‌ಗಳಾಗಿ ಬರುತ್ತಾರೆ. ಮೂಲನಿವಾಸಿ ಯುವಜನರು ತಮ್ಮದೇ ಪೂರ್ವಿಕರ ನೆಲದಲ್ಲಿ ಈ ಕೆಲಸ ಮಾಡಲೆಂದು, 2008ರಲ್ಲಿ ನ್ಯೂ ಮೆಕ್ಸಿಕೋದ ಅಕೋಮಾ ಪ್ಯೂಬ್ಲೋ ಎಂಬ ಮೂಲನಿವಾಸಿ ನೆಲೆಯಲ್ಲಿ ಮೊದಲಾದ ಕಾರ್ಯಕ್ರಮವೊಂದು ಈಗ ಹಲವು ಕಡೆಗೆ ಹಬ್ಬಿದೆ. ಕೆಲಸದ ಸ್ವರೂಪವನ್ನು ಕೇಳಿದರೆ ನಿಮಗೆ ವಿಶೇಷವೆನಿಸಲಾರದು. ಹಳೆಯ ಫೋಟೊಗಳನ್ನು ಸ್ಕ್ಯಾನ್ ಮಾಡುವುದು, ಕ್ಯಾಟಲಾಗ್ ತುಂಬುವುದು, ಚರ್ಮದ ಉಡುಪುಗಳಿಗೆ ಆಮ್ಲರಹಿತ ಕಾಗದದ ಮೆತ್ತೆ ಕೊಡುವುದು, ಉಗ್ರಾಣದ ತೇವಾಂಶವನ್ನು ಬರೆದಿಡುವುದು, ಹಿರಿಯರ ಮಾತಿನ ಧ್ವನಿಮುದ್ರಣವನ್ನು ಕೇಳುತ್ತಾ ಬರವಣಿಗೆಗೆ ಇಳಿಸುವುದು, ಹೀಗೆ. ನಮ್ಮ ಮೈಸೂರಿನ ಜಾನಪದ ವಸ್ತುಸಂಗ್ರಹಾಲಯಕ್ಕೆ ಹೋದ ವಿದ್ಯಾರ್ಥಿಗೂ ಹೆಚ್ಚುಕಡಿಮೆ ಇದೇ ಕೆಲಸವಿರುತ್ತದೆ. ಈ ಸಣ್ಣ ಕೆಲಸದಲ್ಲಿ ಒಂದು ಖಾಲಿ ಬಿಟ್ಟ ಸಾಲು ಎಷ್ಟು ದೂರ ಹಿಂಬಾಲಿಸುತ್ತದೆ ಎಂಬುದನ್ನು ತಿಳಿಯಲು ಆ ಉದ್ಯಾನದ ಒಂದು ಸಂಗ್ರಹದ ಕಥೆಯನ್ನು ನೀವು ಕೇಳಲೇಬೇಕು. ಇದನ್ನು ನಾನು ಪ್ರತಿವರ್ಷ ತರಗತಿಯಲ್ಲಿ ಹೇಳುತ್ತೇನೆ, ಇಂದು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ.

1836ರಲ್ಲಿ ಹೆನ್ರಿ ಸ್ಪಾಲ್ಡಿಂಗ್ ಎಂಬ ಪಾದ್ರಿ ಲ್ಯಾಪ್ವೇ ಎಂಬಲ್ಲಿ ನಿಮೀಪೂ ಜನರ ನಡುವೆ ಮಿಷನ್ ಸ್ಥಾಪಿಸಿದರು. ಆ ಜನರನ್ನು ಬೇಸಾಯಕ್ಕೂ ಕ್ರೈಸ್ತ ಧರ್ಮಕ್ಕೂ ತರಬೇಕೆಂಬುದು ಪಾದ್ರಿಯ ಹಂಬಲ. 1840ರ ದಶಕದಲ್ಲಿ ಆ ಪಾದ್ರಿ, ಒಹಾಯೋದಲ್ಲಿದ್ದ ತಮ್ಮ ವೈದ್ಯ ಗೆಳೆಯ ಡಡ್ಲಿ ಆಲೆನ್ ಅವರಿಗೆ ನಿಮೀಪೂ ಉಡುಪು ಮತ್ತು ಸಾಮಗ್ರಿಗಳನ್ನು ಪೀಪಾಯಿಗಳಲ್ಲಿ ತುಂಬಿ ಕಳುಹಿಸಿದರು; ಪ್ರತಿಯಾಗಿ ಗೆಳೆಯನಿಂದ ಮಿಷನ್ನಿಗೆ ಬೇಕಾದ ಸಾಮಾನು ಬಂತು. ಪೀಪಾಯಿಯಲ್ಲಿ ಏನಿತ್ತು? ಕೊಳವೆಯಾಕಾರದ ಬಿಳಿ ಚಿಪ್ಪುಗಳನ್ನು ಪೋಣಿಸಿದ ಹೆಂಗಸರ ಚರ್ಮದ ಉಡುಪುಗಳು, ಮುಳ್ಳುಹಂದಿಯ ಮುಳ್ಳುಗಳಿಗೆ ಬಣ್ಣ ಕಟ್ಟಿ ಕಸೂತಿ ಮಾಡಿದ ಗಂಡಸರ ಅಂಗಿಗಳು, ಕೂಸನ್ನು ಕಟ್ಟಿ ಹೊತ್ತೊಯ್ಯುವ ತೊಟ್ಟಿಲ ಹಲಗೆ, ಹೆಂಗಸಿನ ಕುದುರೆಯ ಜೀನು. ಜೊತೆಗೆ ಪಾದ್ರಿ ಒಂದು ಪತ್ರವನ್ನೂ ಬರೆದರು. ಅದರಲ್ಲಿ ವಸ್ತುಗಳ ವಿವರಣೆಯಿದೆ, ಬೆಲೆಯೂ ಇದೆ. ಈ ಪತ್ರ ಉಳಿದುಬಂದದ್ದರಿಂದಲೇ ನಿಮೀಪೂ ಸಂಗ್ರಹಗಳಲ್ಲಿ ಇದನ್ನು ಅತ್ಯಂತ ಹಳೆಯದು, ಅತ್ಯಂತ ಚೆನ್ನಾಗಿ ದಾಖಲಾದದ್ದು ಎಂದು ವಿದ್ವಾಂಸರು ಮೆಚ್ಚುತ್ತಾರೆ. ಚೆನ್ನಾಗಿ ದಾಖಲಾದದ್ದು! ಆದರೆ ಆ ಚರ್ಮವನ್ನು ಹದ ಮಾಡಿದ, ಆ ಮುಳ್ಳುಗಳನ್ನು ಒಂದೊಂದಾಗಿ ಮಡಿಸಿ ಹೊಲಿದ ಹೆಣ್ಣುಮಕ್ಕಳ ಹೆಸರುಗಳು ನಮಗೆ ಉಳಿದಿಲ್ಲ. ಅವರನ್ನು ಕೇಳಬಹುದಾಗಿದ್ದ ಪಾದ್ರಿ ಅವರ ನಡುವೆಯೇ ವರ್ಷಗಟ್ಟಲೆ ಬಾಳಿದ್ದರು.

ಮುಂದೆ ನಡೆದದ್ದನ್ನು ಕೇಳಿ. 1893ರಲ್ಲಿ ಆ ವೈದ್ಯರ ಮಗ ಸಂಗ್ರಹವನ್ನು ಓಬರ್ಲಿನ್ ಕಾಲೇಜಿಗೆ ಕೊಟ್ಟರು. 1942ರಲ್ಲಿ ಅದರ ಬಹುಪಾಲು ಒಹಾಯೋ ಇತಿಹಾಸ ಸಂಸ್ಥೆಯನ್ನು ಸೇರಿತು. ತಯಾರಿಸಿದ ಜನ ಒಂದು ಕಡೆ, ವಸ್ತುಗಳು 2 ಸಾವಿರ ಮೈಲಿ ಆಚೆಯ ಕಪಾಟಿನಲ್ಲಿ. ನೆಜ್ ಪರ್ಸ್ ಉದ್ಯಾನದ ಕ್ಯುರೇಟರುಗಳು 1970ರ ದಶಕದಲ್ಲಿ ಅದರ ಜಾಡು ಹಿಡಿದರು. ಬಳಿಕ ಸಂಗ್ರಹವು ಎರವಲಾಗಿ ಸ್ಪಾಲ್ಡಿಂಗ್ ಊರಿನ ಉದ್ಯಾನ ಕೇಂದ್ರಕ್ಕೆ ಬಂದು ಪ್ರದರ್ಶನಗೊಂಡಿತು. ಅಜ್ಜಿಯರು ಮೊಮ್ಮಕ್ಕಳನ್ನು ಕರೆತಂದು ತೋರಿಸಬಹುದಾದ ಜಾಗ ಅದು. 1993ರಲ್ಲಿ ಒಹಾಯೋದ ಸಂಸ್ಥೆ ತನ್ನ ವಸ್ತುಗಳನ್ನು ವಾಪಸ್ ಕೇಳಿತು. ಮಾತುಕತೆಯ ನಂತರ ಮಾರಲು ಒಪ್ಪಿತಾದರೂ ಬೆಲೆ 6,08,100 ಡಾಲರ್ ಎಂದಿತು, ಗಡುವು 6 ತಿಂಗಳು ಎಂದಿತು. ತಮ್ಮ ಮುತ್ತಜ್ಜಿಯರು ಹೊಲಿದ ಬಟ್ಟೆಗೆ ಮಾರುಕಟ್ಟೆ ದರ! ಶಾಲಾ ಮಕ್ಕಳು, ಕಲಾವಿದರು, ಸಂಗೀತಗಾರರು, ಗುರುತಿಲ್ಲದ ಊರುಗಳ ಜನಸಾಮಾನ್ಯರು ಹಣ ಕಳುಹಿಸಿದರು. 1996ರಲ್ಲಿ ಗಡುವು ಮುಗಿಯುವ ಮುನ್ನ ನಿಮೀಪೂ ಜನ ಪೂರ್ತಿ ಹಣ ಕಟ್ಟಿ ಸಂಗ್ರಹವನ್ನು ತಮ್ಮದಾಗಿಸಿಕೊಂಡರು. ಇದಾಗಿ 25 ವರ್ಷಗಳ ಬಳಿಕ, 2021ರಲ್ಲಿ, ಒಹಾಯೋದ ಅದೇ ಸಂಸ್ಥೆ ಆ 6,08,100 ಡಾಲರನ್ನು ಅವರಿಗೆ ಮರಳಿಸಿತು. ಆ ಸಂಸ್ಥೆಯ ಈ ನಡೆಯನ್ನು ನಾನು ತುಂಬು ಮನಸ್ಸಿನಿಂದ ಗೌರವಿಸುತ್ತೇನೆ.

ವಸ್ತು ಮರಳಿತು, ಹಣವೂ ಮರಳಿತು. ಹೆಸರುಗಳು ಮಾತ್ರ ಮರಳಲಿಲ್ಲ. ಯಾವ ಕಾನೂನೂ ಯಾವ ದಾನಿಯೂ ಅದನ್ನು ತಂದುಕೊಡಲಾರರು, ಏಕೆಂದರೆ ಕೇಳಬೇಕಾದ ದಿನ ಯಾರೂ ಕೇಳಲಿಲ್ಲ. ಆದ್ದರಿಂದ ವಿದ್ಯಾರ್ಥಿಗಳೇ, ನಿಮ್ಮ ಕ್ಯಾಟಲಾಗ್ ಕಾರ್ಡಿನಲ್ಲಿ "ಬಿದಿರಿನ ಬುಟ್ಟಿ, ಬುಡಕಟ್ಟು, ಚಾಮರಾಜನಗರ ಜಿಲ್ಲೆ" ಎಂದಷ್ಟೇ ಬರೆದು ಮುಂದಿನ ಕಾರ್ಡಿಗೆ ಹೋಗಬೇಡಿ. ಹೆಣೆದವರು ಯಾರು, ಅವರಿಗೆ ಕಲಿಸಿದವರು ಯಾರು, ಯಾವ ಪೋಡು, ಯಾವ ಕುಲ ಎಂದು ಕೇಳಿ. ಹೊತ್ತಾಗುತ್ತದೆ ಎಂಬ ಸಬೂಬನ್ನು ನಾನು ಬಹಳ ಕೇಳಿದ್ದೇನೆ, ಅದನ್ನು ಒಪ್ಪಲಾರೆ. ಹೆಸರು ಕೇಳಲು ಎಷ್ಟು ಹೊತ್ತು ಬೇಕು?

ಹೇಳಿದವರ ಹೆಸರು ಕೇವಲ ಮರ್ಯಾದೆಗಾಗಿ ಬೇಕಾದದ್ದಲ್ಲ, ಅದು ಜ್ಞಾನದ ಭಾಗ. ಉದ್ಯಾನಕ್ಕೆ ಸೇರಿದ ವೀಐಪ್ ಎಂಬ ಬಯಲಿನಲ್ಲಿ ಕ್ಯಾಮಸ್ ಎಂಬ ಗೆಡ್ಡೆ ಬೆಳೆಯುತ್ತದೆ. 1805ರ ಸೆಪ್ಟೆಂಬರಿನಲ್ಲಿ ಹಸಿದು ಕಂಗಾಲಾಗಿ ಬೆಟ್ಟ ಇಳಿದ ಲೂಯಿಸ್ ಮತ್ತು ಕ್ಲಾರ್ಕ್ ಎಂಬ ಅಮೆರಿಕನ್ ಅನ್ವೇಷಕರ ತಂಡಕ್ಕೆ ನಿಮೀಪೂ ಜನ ಒಣಮೀನಿನ ಜೊತೆ ಉಣಿಸಿದ್ದು ಇದನ್ನೇ. ಕ್ಯಾಮಸ್‌ಗೆ ನೀಲಿ ಹೂವು. ಅದನ್ನೇ ಹೋಲುವ ವಿಷದ ಗೆಡ್ಡೆಯೂ ಅದೇ ಬಯಲಿನಲ್ಲಿರುತ್ತದೆ, ಅದಕ್ಕೆ ಬೆಳ್ಳನೆಯ ಹೂವು. ಹೂವು ಉದುರಿದ ಮೇಲೆ ಎರಡನ್ನೂ ಬೇರ್ಪಡಿಸುವುದು ಕಷ್ಟ. ಯಾವ ಕಾಲದಲ್ಲಿ ಗುರುತು ಮಾಡಿಕೊಳ್ಳಬೇಕು, ಯಾವ ಗಾತ್ರದ್ದನ್ನು ಅಗೆಯಬೇಕು, ನೆಲದ ಕುಳಿಯಲ್ಲಿ ಕಾದ ಕಲ್ಲಿನ ಮೇಲೆ ಎಷ್ಟು ಹೊತ್ತು ಬೇಯಿಸಿದರೆ ಸಿಹಿಯಾಗುತ್ತದೆ ಎಂಬುದು ಗೆಡ್ಡೆ ಅಗೆಯುವ ಹೆಂಗಸರಿಗೆ ತಿಳಿದ ವಿದ್ಯೆ. ಅಗೆಯುವ ಕೋಲನ್ನು ಅಳತೆ ಮಾಡಿ, ಕೋಲು ಹಿಡಿದವಳನ್ನು ಮಾತನಾಡಿಸದೆ ಬಂದ ವಿದ್ಯಾರ್ಥಿಯ ಕೈಯಲ್ಲಿ ಉಳಿಯುವುದು ಒಂದು ಕಟ್ಟಿಗೆ ಮಾತ್ರ.

ಸಮಯ ಕಡಿಮೆಯಿರುವುದರಿಂದ ಉಳಿದದ್ದನ್ನು ಬೇಗ ಹೇಳುತ್ತೇನೆ. ಎಲ್ಲವನ್ನೂ ಬರೆದುಕೊಳ್ಳುವ ಹಕ್ಕು ನಿಮಗಿಲ್ಲ. ಕೆಲವು ಕಥೆಗಳನ್ನು ಚಳಿಗಾಲದಲ್ಲಿ ಮಾತ್ರ ಹೇಳಬೇಕು, ಕೆಲವು ವಸ್ತುಗಳನ್ನು ಹೊರಗಿನವರು ನೋಡಬಾರದು ಎಂದು ಹಿರಿಯರು ಹೇಳಿದರೆ ರೆಕಾರ್ಡರನ್ನು ನಿಲ್ಲಿಸಿ, ಹಾಗೆ ಹೇಳಿದವರ ಹೆಸರನ್ನು ಮಾತ್ರ ಅವರ ಒಪ್ಪಿಗೆಯಿಂದ ಬರೆದಿಡಿ. ತಮ್ಮ ಹೆಸರು ಬೇಡವೆಂದರೆ ಅದೂ ಒಂದು ದಾಖಲೆಯೇ, ಹಾಗೆಂದು ಬರೆಯಿರಿ. ಅಮೆರಿಕದಲ್ಲಿ ಪ್ರಾಚೀನ ನೆಲೆಗಳ ನಿಖರ ಸ್ಥಳವನ್ನು ಗುಟ್ಟಾಗಿಡಲು 1979ರ ಕಾಯಿದೆಯೇ ಅವಕಾಶ ಕೊಡುತ್ತದೆ. ನೀವು ಫೋನಿನಲ್ಲಿ ತೆಗೆದ ಫೋಟೊದೊಳಗೆ ಸ್ಥಳದ ಗುರುತು ತಾನಾಗಿ ಸೇರಿರುತ್ತದೆ, ಅದನ್ನು ಅಳಿಸದೆ ಯಾರಿಗೂ ಕಳುಹಿಸಬೇಡಿ.

ವಾಷಿಂಗ್ಟನ್ ರಾಜ್ಯ ವಿಶ್ವವಿದ್ಯಾಲಯ ಮತ್ತು ಆ ಪ್ರದೇಶದ ಬುಡಕಟ್ಟುಗಳು ಸೇರಿ ಕಟ್ಟಿರುವ ಡಿಜಿಟಲ್ ಭಂಡಾರವೊಂದಿದೆ. ಅದರಲ್ಲಿ ಒಂದು ಹಳೆಯ ಫೋಟೊದ ಪಕ್ಕ ಸಂಗ್ರಹಾಲಯದವರು ಬರೆದ ಟಿಪ್ಪಣಿಯಿದ್ದರೆ, ಅದರ ಜೊತೆಯಲ್ಲೇ ಬುಡಕಟ್ಟಿನವರು ತಮ್ಮದೇ ಟಿಪ್ಪಣಿಯನ್ನು ಸೇರಿಸುತ್ತಾರೆ, ಯಾರು ಏನನ್ನು ನೋಡಬಹುದೆಂಬುದನ್ನೂ ಅವರೇ ತೀರ್ಮಾನಿಸುತ್ತಾರೆ. ಇಲ್ಲಿಯೂ ದಾರಿಯಿಲ್ಲವೆಂದಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗ ಹಿರಿಯರು ಸಂಶೋಧಕರ ಜೊತೆ ಕಾಡು ಸುತ್ತಿ, ತಮ್ಮ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂಬ ಪವಿತ್ರ ತಾಣಗಳ ನಕ್ಷೆಯನ್ನು ತಾವೇ ಹೇಳಿ ಬರೆಸಿದ್ದಾರೆ. ಅಲ್ಲಿ ಜಾಗಕ್ಕೆ ಹೆಸರಿಟ್ಟವರೂ ಸೋಲಿಗರು, ಗಡಿ ತೋರಿಸಿದವರೂ ಸೋಲಿಗರು. ಇಂಟರ್ನ್‌ಶಿಪ್‌ಗೆ ಹೋಗುವ ಮುನ್ನ ಆ ನಕ್ಷೆಯನ್ನು ಒಮ್ಮೆ ನೋಡಿ ಹೋಗಿ.

ಕಡೆಯದಾಗಿ, ವರದಿಯನ್ನು ಕಾಲೇಜಿಗೆ ಒಪ್ಪಿಸುವ ಮೊದಲು ಅದನ್ನು ಹಾಡಿಗೆ ಒಯ್ಯಿರಿ. ಮಾಹಿತಿ ಕೊಟ್ಟ ಅಜ್ಜಿಗೋ ಯಜಮಾನರಿಗೋ ಓದಿ ಹೇಳಿ, ಅವರು ತಿದ್ದಿದ್ದನ್ನು ತಿದ್ದಿ, ಒಂದು ಪ್ರತಿಯನ್ನು ಅವರ ಕೈಗೆ ಕೊಡಿ. ನಿಮ್ಮ ಅಧ್ಯಾಪಕರು ಅಂಕ ಹಾಕುವುದು ಆ ನಂತರ.

ನಮಸ್ಕಾರ.