ದನಿಯನ್ನು ಎಲ್ಲಿ ಕತ್ತರಿಸಬೇಕು

ಕೇಳುಗ ಬಂಧುಗಳಿಗೆ ನಮಸ್ಕಾರ.

ಹುಬ್ಬಳ್ಳಿ-ಧಾರವಾಡದಲ್ಲಿ ಹಾಡು ಕಟ್ಟುವ ಹುಡುಗ ಹುಡುಗಿಯರ ಕೋಣೆಗೆ ಈಗ ಕಾಲಿಟ್ಟರೆ, ಮೇಜಿನ ಮೇಲೆ ಒಂದು ಲ್ಯಾಪ್‌ಟಾಪು, ಅದರ ಮುಂದೆ 25 ಕೀಗಳ ಒಂದು ಪುಟ್ಟ ಕೀಬೋರ್ಡು ಕಾಣುತ್ತದೆ. ಈ ಕೀಬೋರ್ಡಿನೊಳಗೆ ದನಿ ಎಂಬುದೇ ಇಲ್ಲ. ಕೀ ಒತ್ತಿದಾಗ ಅದು ಕಂಪ್ಯೂಟರಿಗೆ ಕಳಿಸುವುದು ಅಂಕಿಗಳನ್ನಷ್ಟೇ. ಯಾವ ಕೀ ಒತ್ತಿದಿರಿ, ಎಷ್ಟು ಜೋರಾಗಿ ಒತ್ತಿದಿರಿ, ಆಮೇಲೆ ಯಾವಾಗ ಬೆರಳು ತೆಗೆದಿರಿ, ಇಷ್ಟೇ ಸುದ್ದಿ. ಇದಕ್ಕೆ ಮಿಡಿ ಎನ್ನುತ್ತಾರೆ. ಬೇರೆ ಬೇರೆ ಕಂಪನಿಗಳ ವಾದ್ಯಗಳು ಒಂದರ ಮಾತು ಇನ್ನೊಂದು ಅರಿಯಲಿ ಎಂದು ಅಮೆರಿಕದ ಡೇವ್ ಸ್ಮಿತ್, ಜಪಾನಿನ ಇಕುತಾರೊ ಕಾಕೆಹಾಶಿ ಮೊದಲಾದವರು ಸೇರಿ 1983ರಲ್ಲಿ ತಂದ ಒಪ್ಪಂದ ಅದು. ಪ್ರತಿ ಸ್ವರಕ್ಕೂ 0ಯಿಂದ 127ರವರೆಗೆ ಒಂದು ನಂಬರು. ಪಿಯಾನೊದ ನಡುವಿನ ಸಿ ಅಂದರೆ 60. ಒತ್ತಿದ ಜೋರನ್ನೂ 127ರವರೆಗಿನ ಅಂಕಿಯಲ್ಲೇ ಹೇಳುತ್ತದೆ.

ಆ ಅಂಕಿ ಬಂದಾಗ ಯಾವ ದನಿ ಹೊರಡಬೇಕು ಎಂಬುದು ನಮಗೆ ಬಿಟ್ಟದ್ದು. ಪಿಯಾನೊ ಹೊರಡಬಹುದು, ಸಿತಾರ ಹೊರಡಬಹುದು. ಮನುಷ್ಯರು ಹಾಡಿದ್ದರ ಒಂದು ತುಣುಕೂ ಹೊರಡಬಹುದು. ಒಬ್ಬರು ಹಾಡಿದ ಒಂದು ಸಾಲನ್ನು ಹತ್ತು ಹದಿನೈದು ತುಂಡು ಮಾಡಿ, ತುಂಡಿಗೊಂದು ಕೀ ಕೊಟ್ಟು, ಬೆರಳಿನಿಂದ ಆ ಸಾಲನ್ನು ಹೊಸದಾಗಿ ನುಡಿಸುವುದು ಇವತ್ತು ಸಿನಿಮಾ ಹಾಡಿನಿಂದ ಹಿಡಿದು ಜಾತ್ರೆಯ ಡಿಜೆವರೆಗೆ ಎಲ್ಲೆಲ್ಲೂ ಇದೆ. ಕಲಿಯಲು ಬಂದವರು ಮೊದಲು ಕೇಳುವುದು ಯಾವ ಸಾಫ್ಟ್‌ವೇರ್ ಹಾಕಿಕೊಳ್ಳಲಿ, ಯಾವ ಕೀಬೋರ್ಡ್ ಕೊಳ್ಳಲಿ ಎಂದು. ನನ್ನ ಮಟ್ಟಿಗೆ ಅವು ಆಮೇಲಿನ ಪ್ರಶ್ನೆಗಳು. ದನಿಯನ್ನು ಎಲ್ಲಿ ಕತ್ತರಿಸಬೇಕು ಎಂಬುದು ಮೊದಲನೆಯ ಪ್ರಶ್ನೆ. ಕನ್ನಡದ ಹಾಡಿಕೆಗೆ, ಅದರಲ್ಲೂ ನಮ್ಮ ಈ ಸೀಮೆಯ ಹಾಡಿಕೆಗೆ ಕತ್ತರಿ ಹಾಕುವಾಗ ಆ ಪ್ರಶ್ನೆಗೆ ಉತ್ತರವನ್ನು ಸಾಫ್ಟ್‌ವೇರ್ ಕೊಡಲಾರದು, ಕಿವಿಯೇ ಕೊಡಬೇಕು.

ಕತ್ತರಿಸುವ ಸಲಕರಣೆಗೇನೂ ಬರವಿಲ್ಲ. ಹಾಡು ಕಟ್ಟುವ ಸಾಫ್ಟ್‌ವೇರ್‌ಗಳಲ್ಲೇ ಅವು ಇವೆ: ಏಬಲ್ಟನ್ ಲೈವ್‌ನಲ್ಲಿ ಸಿಂಪ್ಲರ್ ಇದೆ, ಎಫ್‌ಎಲ್ ಸ್ಟುಡಿಯೊದಲ್ಲಿ ಸ್ಲೈಸೆಕ್ಸ್ ಇದೆ, ಲಾಜಿಕ್‌ನಲ್ಲಿ ಕ್ವಿಕ್ ಸ್ಯಾಂಪ್ಲರ್ ಇದೆ. ಹಾಡಿನ ಫೈಲನ್ನು ಒಳಗೆ ಎಳೆದು ಹಾಕಿ ಸ್ಲೈಸ್ ಎಂದರೆ ಸಾಕು, ತಾನೇ ಗೆರೆ ಎಳೆದು ತುಂಡು ಮಾಡಿ ಕೀಗಳಿಗೆ ಹಂಚುತ್ತದೆ. ಸಿಂಪ್ಲರ್ ಈ ಹಂಚಿಕೆಯನ್ನು 36ನೇ ನಂಬರಿನಿಂದ ಶುರು ಮಾಡುತ್ತದೆ. ಸಣ್ಣ ಕೀಬೋರ್ಡುಗಳು ಸಾಮಾನ್ಯವಾಗಿ ಅದಕ್ಕಿಂತ ಮೇಲಿನ ಸಪ್ತಕದಲ್ಲಿರುತ್ತವೆ. ಹಾಗಾಗಿ ಆಕ್ಟೇವ್ ಇಳಿಸುವ ಗುಂಡಿ ಒತ್ತಿ ಕೆಳಗೆ ಬರಬೇಕು. ಕೀ ಒತ್ತಿದರೂ ಸದ್ದೇ ಇಲ್ಲ ಎಂದು ಫೋನ್ ಮಾಡುವವರಲ್ಲಿ ಎಷ್ಟೋ ಮಂದಿಯ ತೊಂದರೆ ಇಷ್ಟೇ ಆಗಿರುತ್ತದೆ.

ಈಗ ಆ ಗೆರೆಗಳ ವಿಷಯಕ್ಕೆ ಬರೋಣ. ಸಾಫ್ಟ್‌ವೇರ್ ಗೆರೆ ಎಳೆಯುವುದು ಸದ್ದು ಒಮ್ಮೆಲೇ ಏರುವ ಜಾಗದಲ್ಲಿ. ತಬಲಾ, ಡೊಳ್ಳು, ಜಗ್ಗಲಿಗೆಗೆ ಇದು ಹೇಳಿ ಮಾಡಿಸಿದ ಲೆಕ್ಕ, ಏಕೆಂದರೆ ಅಲ್ಲಿ ಪ್ರತಿ ಪೆಟ್ಟೂ ಒಂದು ಏರು. ಹಾಡಿಕೆಯಲ್ಲಿ ಕ, ಟ, ತ, ಪ ಬಂದಾಗಲೂ ಗೆರೆ ಸರಿಯಾದ ಜಾಗದಲ್ಲಿ ಬೀಳುತ್ತದೆ. ಬಾಯಿ ಒಂದು ಕ್ಷಣ ಪೂರ್ತಿ ಮುಚ್ಚಿ ಥಟ್ಟನೆ ತೆರೆಯುವ ಅಕ್ಷರಗಳವು. ಯ, ರ, ಲ, ವ, ಮ, ನ ಬಂದಾಗ ಬಾಯಿಂದಲೋ ಮೂಗಿನಿಂದಲೋ ದನಿ ಹರಿಯುತ್ತಲೇ ಇರುತ್ತದೆ. ಏರು ಇಲ್ಲ, ಗೆರೆಯೂ ಇಲ್ಲ. "ನಮ್ಮವ್ವಾ" ಎಂದು ಹಾಡಿದರೆ ಸಾಫ್ಟ್‌ವೇರಿಗೆ ಅದು ಒಂದೇ ಉದ್ದನೆಯ ತುಂಡು. ಅಲ್ಲಿ ಕೈಯಿಂದಲೇ ಗೆರೆ ಎಳೆಯಬೇಕು.

ಒತ್ತಕ್ಷರದ್ದು ಇದಕ್ಕಿಂತ ಸೂಕ್ಷ್ಮ. "ಅಕ್ಕಾ" ಎಂದು ನಿಧಾನ ಹೇಳಿ ನೋಡಿ. "ಅ" ಆದ ಮೇಲೆ ನಾಲಿಗೆ ಅಂಗುಳಕ್ಕೆ ಅಂಟಿಕೊಂಡು ಒಂದಿಷ್ಟು ಹೊತ್ತು ದನಿಯೇ ಇರುವುದಿಲ್ಲ. ಸೆಕೆಂಡಿನ ಹತ್ತರಲ್ಲೊಂದು ಭಾಗದಷ್ಟು ಮೌನ, ಹಾಡಿನಲ್ಲಿ ಇನ್ನೂ ಹೆಚ್ಚು. ಆಮೇಲೆ "ಕಾ" ಸಿಡಿಯುತ್ತದೆ. ಸಾಫ್ಟ್‌ವೇರ್ ಆ ಸಿಡಿತದ ಜಾಗದಲ್ಲಿ ಗೆರೆ ಹಾಕುತ್ತದೆ. ಮೌನ ಹಿಂದಿನ ತುಣುಕಿನ ಬಾಲದಲ್ಲಿ ಉಳಿಯಿತು. ಎರಡನೆಯ ತುಣುಕನ್ನು ಮಾತ್ರ ನುಡಿಸಿದಿರೋ, ಕಿವಿಗೆ ಬೀಳುವುದು ಬರೀ "ಕಾ", ಒತ್ತು ಹಾರಿಹೋಗಿರುತ್ತದೆ. ಕ್ಕ ಎಂಬುದನ್ನು ಕ್ಕ ಮಾಡುವುದು ಆ ಮೌನವೇ. ಆದ್ದರಿಂದ ಒತ್ತು ಇರುವ ಮಾತನ್ನು ಒಂದೇ ತುಣುಕಾಗಿ ಇಡಬೇಕು, ಇಲ್ಲವೇ ಎರಡು ಕೀಗಳ ನಡುವೆ ಅಷ್ಟೇ ಹೊತ್ತು ಬೆರಳು ತಡೆದು ನುಡಿಸುವುದನ್ನು ರೂಢಿ ಮಾಡಿಕೊಳ್ಳಬೇಕು. ನನಗೆ ಎರಡನೆಯದು ಇಷ್ಟ. ಬೆರಳಿಗೆ ಕನ್ನಡ ಬರುತ್ತದೆ.

ಇನ್ನು ತಾಳದ ಮಾತು. ಧಾರವಾಡದ ನಮ್ಮ ಓಣಿಯಲ್ಲಿ ಒಬ್ಬ ಹಿರಿಯ ತಾಯಿ ಇದ್ದಾರೆ. ಕುಟ್ಟುವ ಪದ, ಬೀಸುವ ಪದ ಅವರಿಗೆ ಇನ್ನೂ ಬಾಯಿಪಾಠ. ಅವರು ಹಾಡಿದ "ಸುವ್ವಿ" ಎಂಬ ಸೊಲ್ಲನ್ನು ರೆಕಾರ್ಡ್ ಮಾಡಿ, ಸಾಫ್ಟ್‌ವೇರ್ ತಾನಾಗಿ ಕತ್ತರಿಸಿ ಕೊಟ್ಟ ತುಣುಕನ್ನು ತಾಳಕ್ಕೆ ಸರಿಯಾಗಿ ಒಂದು ಕೀಯಿಂದ ನುಡಿಸಿ ತೋರಿಸಿದೆ. ಪರದೆಯ ಮೇಲೆ ಗೆರೆಗೂ ತಾಳಕ್ಕೂ ಕೂದಲೆಳೆ ಅಂತರವಿರಲಿಲ್ಲ. ಅವರು ಕೇಳಿದ ಕೂಡಲೇ, "ಹೊಡತ ತಡಾ ಬರಾಕತ್ತೈತಿ ನೋಡು" ಎಂದರು. ಆಮೇಲೆ ಕೈಯಿಂದ ತೊಡೆ ತಟ್ಟಿಕೊಂಡು ತಾವೇ ಹಾಡಿ ತೋರಿಸಿದರು. ಕೈ ಬಿದ್ದದ್ದು "ಸ್" ಎಂಬ ಉಸಿರಿನ ಮೇಲೆ ಅಲ್ಲ, ಅದರ ನಂತರದ "ಉ" ಮೇಲೆ. "ಸ್" ತಾಳಕ್ಕಿಂತ ಮೊದಲೇ ಹೊರಟಿರುತ್ತದೆ.

ಮನುಷ್ಯರ ಕಿವಿ ಕೆಲಸ ಮಾಡುವುದೇ ಹೀಗೆ. ಒಂದು ಅಕ್ಷರ ತಾಳಕ್ಕೆ ಬಿತ್ತು ಎಂದು ನಮಗೆ ಅನ್ನಿಸುವುದು ಅದರ ವ್ಯಂಜನ ಶುರುವಾದಾಗ ಅಲ್ಲ, ಹೆಚ್ಚುಕಡಿಮೆ ಸ್ವರ ತೆರೆದಾಗ. 1976ರಲ್ಲಿ ಮೂವರು ಸಂಶೋಧಕರು ಇದನ್ನು ಪ್ರಯೋಗದಿಂದ ತೋರಿಸಿದರು. "ಪ", "ಬ" ಬಂದಾಗ ವ್ಯಂಜನಕ್ಕೂ ಸ್ವರಕ್ಕೂ ಅಂತರ ತೀರಾ ಕಡಿಮೆ, ಏನೂ ಗೊತ್ತಾಗುವುದಿಲ್ಲ. "ಸ", "ಶ" ಬಂದಾಗ ಅಂತರ ದೊಡ್ಡದು, ತುಣುಕು ಹಿಂದೆ ಬಿದ್ದಂತೆ ಕೇಳುತ್ತದೆ. ಪರಿಹಾರ ಎರಡು ಬಗೆ. ಒಂದು, "ಸ್" ಭಾಗವನ್ನು ಸ್ವಲ್ಪ ಮೊಟಕು ಮಾಡುವುದು. ಇನ್ನೊಂದು, ಅದನ್ನು ಇದ್ದ ಹಾಗೇ ಬಿಟ್ಟು ಕೀಯನ್ನೇ ಕೊಂಚ ಮುಂಚೆ ಒತ್ತುವುದು. ರೆಕಾರ್ಡ್ ಆದ ಮೇಲೆ ಕ್ವಾಂಟೈಸ್ ಗುಂಡಿ ಒತ್ತಿ ಎಲ್ಲ ತುಣುಕನ್ನೂ ಗೆರೆಗೆ ತಂದು ನಿಲ್ಲಿಸುವ ಆತುರ ಬೇಡ. ಕಣ್ಣಿಗೆ ಸರಿ ಕಂಡದ್ದು ಕಿವಿಗೆ ತಪ್ಪಾಗುವುದು ಅಲ್ಲಿಯೇ.

ಶಾಸ್ತ್ರೀಯ ಹಾಡಿಕೆಗೆ ಬಂದರೆ ಕತ್ತರಿಯ ಪ್ರಶ್ನೆ ಇನ್ನೂ ಬಿಗಿಯಾಗುತ್ತದೆ. ಕುಂದಗೋಳದ ಸವಾಯಿ ಗಂಧರ್ವರ ಶಿಷ್ಯಪರಂಪರೆ, ಹುಬ್ಬಳ್ಳಿಯಲ್ಲಿ ಬಾಳಿದ ಗಂಗೂಬಾಯಿ ಹಾನಗಲ್, ರೋಣದಲ್ಲಿ ಹುಟ್ಟಿದ ಭೀಮಸೇನ ಜೋಶಿ, ಈ ಹಿಂದೂಸ್ತಾನಿ ಕಿರಾಣಾ ಘರಾಣೆಯ ನಿಧಾನದ ವಿಲಂಬಿತ ಆಲಾಪ ಕೇಳಿ ಬೆಳೆದ ಊರುಗಳು ನಮ್ಮವು. ಆ ಆಲಾಪದಲ್ಲಿ ಗಾಂಧಾರ ಎಲ್ಲಿ ಮುಗಿಯಿತು, ರಿಷಭ ಎಲ್ಲಿ ಶುರುವಾಯಿತು ಎಂದು ಬೆರಳಿಟ್ಟು ತೋರಿಸಲಾಗದು. ಮೀಂಡಿನಲ್ಲಿ ಒಂದು ಸ್ವರ ಇನ್ನೊಂದಕ್ಕೆ ಜಾರುತ್ತದೆ, ರಾಗ ಇರುವುದೇ ಆ ಜಾರಿನಲ್ಲಿ. ಬಿತ್ತನೆಗೆ ಕಬ್ಬು ಕಡಿಯುವಾಗ ರೈತರು ಅದರ ಮೊಳಕೆಯ ಕಣ್ಣಿಗೆ ಪೆಟ್ಟಾಗದಂತೆ ಕಡಿಯುತ್ತಾರಲ್ಲ, ಹಾಗೆ ಮೀಂಡನ್ನು ಉಳಿಸಿಕೊಂಡು ಕಡಿಯಬೇಕು.

ಇಲ್ಲಿ ಆಕಾಶವಾಣಿಯ ಒಂದು ಹಳೆಯ ಸಂಗತಿ ನೆನಪಿಗೆ ಬರುತ್ತದೆ. 1940ರಿಂದ 1971ರವರೆಗೆ ಆಕಾಶವಾಣಿಯಲ್ಲಿ ಹಾರ್ಮೋನಿಯಮ್ಮಿಗೆ, ನಮ್ಮ ಕಡೆಯ ಮಾತಿನಲ್ಲಿ ಪೇಟಿಗೆ, ನಿಷೇಧವಿತ್ತು. ನಮ್ಮ ಧಾರವಾಡ ಕೇಂದ್ರ ಶುರುವಾದದ್ದು 1950ರಲ್ಲಿ, ಆ ನಿಷೇಧ ಜಾರಿಯಲ್ಲಿದ್ದಾಗಲೇ. ಪೇಟಿಯ ಮೇಲಿದ್ದ ದೊಡ್ಡ ದೂರು ಒಂದೇ. ಅದರ ಸ್ವರಗಳು ಕಟ್ಟಿಹಾಕಿದವು, ಎರಡು ಕೀಗಳ ನಡುವಿನ ಶ್ರುತಿ ಅದರಲ್ಲಿಲ್ಲ, ಮೀಂಡು ಬರುವುದಿಲ್ಲ ಎಂಬುದು. ನಮ್ಮ ಪಂಡಿತರು ಎಷ್ಟು ಚೆಂದ ಪೇಟಿ ಸಾಥ್ ಕೊಡುತ್ತಾರೆ ಎಂಬುದನ್ನು ಬಲ್ಲವರಿಗೆ ಆ ನಿಷೇಧ ಅತಿ ಎನಿಸೀತು, ನನಗೂ ಹಾಗೇ ಅನ್ನಿಸುತ್ತದೆ. ಆದರೆ ದೂರಿನಲ್ಲಿದ್ದ ಸತ್ಯಾಂಶ ಮಿಡಿ ಕೀಬೋರ್ಡಿಗೂ ಸಲ್ಲುತ್ತದೆ. ಕೀಯಿಂದ ಕೀಗೆ ಹೋಗುವಾಗ ಮೀಂಡು ಸಿಕ್ಕುವುದಿಲ್ಲ.

ತುಣುಕು ಹಾಡಿಕೆ ನನಗೆ ಮುಖ್ಯವಾಗಿ ಕಾಣುವುದು ಇದೇ ಕಾರಣಕ್ಕೆ. ಕೀಗಳ ನಡುವೆ ಸಿಗದ ಮೀಂಡನ್ನು ಒಂದು ಕೀಯ ಒಳಗೇ ಇಡಬಹುದು. "ಗ"ದಿಂದ "ರಿ"ಗೆ ಇಳಿಯುವ ಇಡೀ ಜಾರು ಒಂದು ತುಣುಕು, ಅದಕ್ಕೊಂದು ಕೀ. "ನಿ"ಯಿಂದ "ಸಾ"ಕ್ಕೆ ಏರುವ ಎಳೆತ ಇನ್ನೊಂದು. ಹಾಡುವವರು ಉಸಿರು ಎಳೆದುಕೊಳ್ಳುವ ಸದ್ದಿಗೂ ಒಂದು ಕೀ ಇರಲಿ. ಅದನ್ನು ಅಳಿಸಿಬಿಡುವವರೇ ಹೆಚ್ಚು, ಆದರೆ ಎರಡು ತುಣುಕಿನ ನಡುವೆ ಆ ಉಸಿರನ್ನು ನುಡಿಸಿದರೆ ಹಾಡಿಗೆ ಮತ್ತೆ ಎದೆ ಬರುತ್ತದೆ. ಹೀಗೆ ಸ್ವರದ ಲೆಕ್ಕ ಬಿಟ್ಟು ಉಸಿರಿನ, ಜಾರಿನ ಲೆಕ್ಕದಲ್ಲಿ ಕತ್ತರಿಸಿದ ಎಂಟು ತುಣುಕು, ಸ್ವರಕ್ಕೊಂದರಂತೆ ಕತ್ತರಿಸಿದ ಅರವತ್ತು ತುಣುಕಿಗಿಂತ ಹೆಚ್ಚು ಹಾಡುತ್ತವೆ.

ಕೆಲವು ಸಣ್ಣ ಕೆಲಸಗಳನ್ನು ಬೇಗ ಹೇಳಿಬಿಡುತ್ತೇನೆ. ಪರದೆಯ ಮೇಲೆ ಕಾಣುವ ದನಿಯ ಅಲೆ ಶೂನ್ಯದ ಗೆರೆಯನ್ನು ದಾಟುವ ಬಿಂದುವಿನಲ್ಲಿ ಕತ್ತರಿಸಿ, ಎರಡೂ ತುದಿಗೆ ಎರಡು ಮೂರು ಮಿಲಿಸೆಕೆಂಡಿನ ಫೇಡ್, ಅಂದರೆ ದನಿಯ ಮೆಲ್ಲನೆಯ ಏರಿಳಿತ, ಕೊಟ್ಟರೆ "ಟಿಕ್" ಎಂಬ ಸದ್ದು ಬರುವುದಿಲ್ಲ. ಕೀ ಒತ್ತಿದ್ದಕ್ಕೂ ದನಿ ಬಂದದ್ದಕ್ಕೂ ಅಂತರ ಗೊತ್ತಾದರೆ ಬಫರ್ ನೋಡಿ, ಅಂದರೆ ದನಿ ಹೊರಬಿಡುವ ಮುನ್ನ ಕಂಪ್ಯೂಟರ್ ಕೂಡಿಟ್ಟುಕೊಳ್ಳುವ ಸ್ಯಾಂಪಲ್‌ಗಳ ಸಂಖ್ಯೆ. ಸೆಕೆಂಡಿಗೆ 44,100 ಸ್ಯಾಂಪಲ್ ರೇಟಿನಲ್ಲಿ 512 ಬಫರ್ ಅಂದರೆ ಸುಮಾರು 11.6 ಮಿಲಿಸೆಕೆಂಡು, 128 ಅಂದರೆ ಮೂರಕ್ಕೂ ಕಡಿಮೆ. ವಿಂಡೋಸ್ ಇದ್ದವರು ಈ ತಡ ಕಡಿಮೆ ಮಾಡುವ ಏಸಿಯೊ ಡ್ರೈವರ್ ಹಾಕಿಕೊಳ್ಳಬೇಕು. ತುಣುಕು ಒಬ್ಬರದೇ ದನಿಯಾಗಿದ್ದರೆ ವಾಯ್ಸ್ ಸಂಖ್ಯೆಯನ್ನು 1ಕ್ಕೆ ಇಡಿ. ಒಂದು ಗಂಟಲಿನಿಂದ ಒಂದೇ ಹೊತ್ತಿಗೆ ಎರಡು ಮಾತು ಹೊರಡುವುದಿಲ್ಲ, ಹೊಸ ತುಣುಕು ಬಂದಾಗ ಹಳೆಯದು ನಿಲ್ಲಬೇಕು. ಗೀಗೀ ಮೇಳದ ಹಾಗೆ ಮುಂದಿನವರು ಹಾಡಿ ಹಿಂದಿನವರು "ಗೀಯ ಗಾ ಗೀಯ" ಎಂದು ಎತ್ತಿಕೊಳ್ಳುವ ಪರಿ ಬೇಕಿದ್ದರೆ, ಹಿಮ್ಮೇಳಕ್ಕೆ ಬೇರೆ ಟ್ರ್ಯಾಕ್ ಮಾಡಿ ಅಲ್ಲಿ ಮಾತ್ರ ದನಿಗಳು ಒಂದರ ಮೇಲೊಂದು ಬೀಳಲು ಬಿಡಿ.

ಶ್ರುತಿ ಏರಿಸಿ ಇಳಿಸುವಾಗ ಕೈ ಬಿಗಿ ಇರಲಿ. ತುಣುಕನ್ನು ಹಳೆಯ ರೀತಿಯಲ್ಲಿ ಒಂದು ಸಪ್ತಕ ಮೇಲಕ್ಕೆ ಒಯ್ದರೆ ಅದು ಇಮ್ಮಡಿ ವೇಗದಲ್ಲಿ ಓಡಿ ಅರ್ಧ ಹೊತ್ತಿಗೇ ಮುಗಿಯುತ್ತದೆ, ದನಿಯೂ ಮಗುವಿನದಾಗುತ್ತದೆ. ನಾಲ್ಕು ಅರೆಸ್ವರ ದಾಟಿದರೆ ಹಾಡಿದವರ ವಯಸ್ಸೇ ಬದಲಾದಂತೆ ನನಗೆ ಕೇಳಿಸುತ್ತದೆ. ಗಂಗೂಬಾಯಿಯವರ ದನಿಯ ತೂಕ ನೆನಪಿಸಿಕೊಳ್ಳಿ. ಅಂಥ ದನಿಯನ್ನು ಹುಡುಗಿಯ ದನಿ ಮಾಡಿ ಮಜಾ ನೋಡುವುದಕ್ಕೆ ಯಾವ ಸಾಫ್ಟ್‌ವೇರೂ ಅಡ್ಡ ಬರುವುದಿಲ್ಲ. ಅಡ್ಡ ಬರಬೇಕಾದವರು ನಾವು.

ಕಾನೂನೂ ಅಡ್ಡ ಬರುತ್ತದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 38ನೇ ಕಲಮು ಹಾಡಿದವರಿಗೆ ತಮ್ಮ ಹಾಡಿಕೆಯ ಮೇಲೆ 50 ವರ್ಷಗಳ ಹಕ್ಕು ಕೊಡುತ್ತದೆ. ಧ್ವನಿಮುದ್ರಣದ ಮೇಲಿನ ಹಕ್ಕು ಬೇರೆ, ಅದು 60 ವರ್ಷ. 2012ರ ತಿದ್ದುಪಡಿಯಲ್ಲಿ ಇನ್ನೊಂದು ಸೇರಿತು. ಹಾಡಿದವರ ಹೆಸರು ಹೇಳಬೇಕು, ಅವರ ಗೌರವಕ್ಕೆ ಕುಂದು ಬರುವಂತೆ ಹಾಡಿಕೆಯನ್ನು ತಿರುಚಬಾರದು. ಜನಪದ ಹಾಡು ಯಾರದೂ ಅಲ್ಲವಲ್ಲ ಎನ್ನುವವರಿದ್ದಾರೆ. ಪದ ಊರಿನದಿರಬಹುದು, ಅದನ್ನು ಹಾಡಿದ ಗಂಟಲು ಒಬ್ಬರದು. ಯಾರದೋ ಮೊಬೈಲಿನಲ್ಲಿ ಸಿಕ್ಕ ಹೊಲದ ಹಾಡನ್ನು ಕತ್ತರಿಸಿ, ಹಾಡಿದಾಕೆಗೆ ಗೊತ್ತೇ ಇಲ್ಲದ ಹಾಗೆ ಊರೂರಿಗೆ ಹಂಚುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಹೋಗಿ ಕೇಳಿ, ಏನು ಮಾಡುತ್ತೇವೆಂದು ನುಡಿಸಿ ತೋರಿಸಿ, ಬರೆದು ಸಹಿ ಹಾಕಿಸಿ, ದುಡ್ಡು ಕೊಡಿ. ಸಹಿ ಬಾರದವರಿಗೆ ಓದಿ ಹೇಳಿ.

ನಮ್ಮ ಓಣಿಯ ಆ ತಾಯಿಗೂ ಕೀ ಒತ್ತಿ ಒತ್ತಿ ಎಲ್ಲ ತೋರಿಸಿಯೇ ಒಪ್ಪಿಗೆ ಪಡೆದೆ. ತಮ್ಮ ದನಿ ತುಂಡು ತುಂಡಾಗಿ ಬರುವುದನ್ನು ಅವರು ಬೇಸರವಿಲ್ಲದೆ ಕೇಳಿದರು, "ಸುವ್ವಿ"ಯನ್ನು ತಾವೇ ಒಂದು ಬೆರಳಿನಿಂದ ನುಡಿಸಿಯೂ ನೋಡಿದರು. ಒಂದೇ ಕರಾರು ಹಾಕಿದರು: "ಬೇಕಾದ್ದ ಕಡಿ, ಎಲ್ಲವ್ವನ ಹೆಸರು ಮಾತ್ರ ಅರ್ಧಕ್ಕ ಕಡೀಬ್ಯಾಡ." ಸಿಂಪ್ಲರಿನಲ್ಲಿ ಎರಡು ಬಗೆ ಇವೆ. ಗೇಟ್ ಇಟ್ಟರೆ ಬೆರಳು ಇರುವಷ್ಟು ಹೊತ್ತು ಮಾತ್ರ ದನಿ ಬರುತ್ತದೆ. ಟ್ರಿಗರ್ ಇಟ್ಟರೆ ಒಮ್ಮೆ ಒತ್ತಿದ ತುಣುಕು ಕೊನೆವರೆಗೆ ಹಾಡಿಯೇ ನಿಲ್ಲುತ್ತದೆ. ಉಳಿದ ತುಣುಕುಗಳಿಗೆಲ್ಲ ಗೇಟ್ ಇಟ್ಟು, ಎಲ್ಲವ್ವನ ಹೆಸರನ್ನು ಬೇರೆ ಟ್ರ್ಯಾಕಿನಲ್ಲಿ ಇಡಿಯಾಗಿ ಒಂದೇ ಕೀಗೆ ಕೊಟ್ಟು ಟ್ರಿಗರ್ ಇಟ್ಟಿದ್ದೇನೆ. ನುಡಿಸುವವರು ನಡುವೆ ಬೆರಳು ತೆಗೆದರೂ, ಬೇರೆ ಯಾವ ಕೀ ಒತ್ತಿದರೂ, ಆ ಹೆಸರು ಪೂರ್ತಿಯಾಗಿಯೇ ಬರುತ್ತದೆ.

ನಮಸ್ಕಾರ.