ಹಸಿರುಮನೆಯಲ್ಲಿ ಮೊದಲ ತಿಂಗಳು

ಕೇಳುಗರಿಗೆ ನಮಸ್ಕಾರ.

ಕುಡಿತ ಬಿಟ್ಟವರು, ಜೈಲಿನಿಂದ ಮರಳಿದವರು, ಮನಸ್ಸಿನ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿರುವವರು ಮತ್ತೆ ದುಡಿಮೆಗೆ ಇಳಿಯುವಾಗ ಹಸಿರುಮನೆಯ ಕೆಲಸ ಒಳ್ಳೆಯ ಮೆಟ್ಟಿಲು. ಕಾಸರಗೋಡಿನ ಬದಿಯಡ್ಕ, ಮುಳ್ಳೇರಿಯ, ಪೆರ್ಲದ ಕಡೆ ಇಂಥ ತರಬೇತಿ ಕೊಡಹೊರಡುವವರಿಗೆ ಒಂದು ಮಾತು. ಮೊದಲ ದಿನವೇ ಹಾರೆ ಕೊಟ್ಟು ಗುಂಡಿ ತೋಡಿಸಬೇಡಿ, ಸಸಿಯ ಟ್ರೇ ಕೊಡಿ. ಅಡಕೆ ಗಿಡ ಫಲ ಕೊಡಲು ವರ್ಷಗಳೇ ಬೇಕು. ಟೊಮೆಟೊ ಬೀಜ ಐದಾರು ದಿನಕ್ಕೆ ಮೊಳೆಯುತ್ತದೆ. ಮಾಡಿದ್ದು ಸರಿಯೋ ತಪ್ಪೋ ಎಂಬುದು ವಾರದೊಳಗೆ ಅವರ ಕಣ್ಣಿಗೇ ಬೀಳುತ್ತದೆ.

98 ಗುಳಿಗಳ ಟ್ರೇಗೆ ಸುಮಾರು ಒಂದೂಕಾಲು ಕಿಲೋ ತೆಂಗಿನ ನಾರಿನ ಹುಡಿ ಬೇಕು. ಹುಡಿಯನ್ನು ಎರಡು ಮೂರು ಸಲ ತೊಳೆಯಲೇಬೇಕು, ಇಲ್ಲವಾದರೆ ಅದರ ಉಪ್ಪಿಗೆ ಎಲೆಯ ತುದಿ ಕರಟುತ್ತದೆ. ಹದ ನೋಡುವುದು ಮುಷ್ಟಿಯಲ್ಲಿ. ಒಂದು ಹಿಡಿ ತೆಗೆದು ಹಿಂಡಿದಾಗ ಬೆರಳ ಸಂದಿಯಲ್ಲಿ ಒಂದೆರಡು ಹನಿ ಒಸರಬೇಕು. ಧಾರೆ ಇಳಿದರೆ ನೀರು ಹೆಚ್ಚಾಗಿದೆ, ಮುಷ್ಟಿ ಬಿಚ್ಚಿದೊಡನೆ ಉದುರಿದರೆ ಸಾಲದು. ಅರ್ಧ ಸೆಂಟಿಮೀಟರ್ ಆಳಕ್ಕೆ ಗುಳಿಗೊಂದು ಬೀಜ ಹಾಕಿ, ಎಂಟು ಹತ್ತು ಟ್ರೇ ಒಂದರ ಮೇಲೊಂದು ಪೇರಿಸಿ, ಪ್ಲಾಸ್ಟಿಕ್ ಹಾಳೆ ಹೊದೆಸಿ. ಮೂರನೆಯ ದಿನದಿಂದ ಬೆಳಿಗ್ಗೆ ಸಂಜೆ ಎತ್ತಿ ನೋಡಬೇಕು. ಮೊಳಕೆ ಕಂಡ ಕೂಡಲೇ ಹರಡಿಡಬೇಕು; ತಡವಾದರೆ ಸಸಿ ಬಿಳಿಚಿ, ನೂಲಿನಂತೆ ಉದ್ದವಾಗಿ ಬಾಗುತ್ತದೆ.

ಹೆಚ್ಚಿನ ನಷ್ಟ ಆಗುವುದು ನೀರಿನಲ್ಲಿ. ಹೊಸಬರು ಅಕ್ಕರೆಯಿಂದ ಮತ್ತೆ ಮತ್ತೆ ಹನಿಸುತ್ತಾರೆ. ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಗೆ ಗಾಳಿಯೇ ತೇವ, ಸಂಜೆ ನೆನೆದ ಎಲೆ ಬೆಳಗಾದರೂ ಒಣಗುವುದಿಲ್ಲ. ಸಸಿಯ ಬುಡ ಮೆತ್ತಗಾಗಿ ಮಗುಚುತ್ತದೆ. ಅಂಥ ಗುಳಿಗಳನ್ನು ಖಾಲಿ ಮಾಡಿ, ಒಂದು ದಿನ ನೀರು ತಡೆದು, ಬದಿಯ ಪರದೆ ಎತ್ತಿ ಗಾಳಿಯಾಡಲು ಬಿಡಿ. ಉಳಿದವಕ್ಕೆ ಲೀಟರಿಗೆ 3 ಗ್ರಾಂ ಕಾಪರ್ ಆಕ್ಸಿಕ್ಲೋರೈಡ್ ಎಂಬ ಶಿಲೀಂಧ್ರನಾಶಕ ಕಲಸಿ ಬುಡಕ್ಕೆ ಹೊಯ್ಯಿರಿ. ನೀರು ಬೇಕೋ ಬೇಡವೋ ಎಂಬುದನ್ನು ಟ್ರೇ ಎತ್ತಿ ಭಾರದಿಂದಲೇ ತಿಳಿಯಬೇಕು. ನೆನೆದದ್ದೊಂದು, ಒಣಗಿದ್ದೊಂದು ಎರಡೂ ಕೈಗೆ ಕೊಟ್ಟು ತೂಗಿ ನೋಡಲು ಹೇಳಿ. ನಾಲ್ಕೈದು ದಿನದಲ್ಲಿ ಕೈಗೆ ಅಂದಾಜು ಹತ್ತುತ್ತದೆ.

ಅಂದಾಜು ಹತ್ತಿದ ಮೇಲೆ ಹತ್ತು ಟ್ರೇ ಪೂರ್ತಿ ಅವರಿಗೇ ಬಿಟ್ಟುಕೊಡಿ. ಹಿಂದೆ ನಿಂತು ಪೈಪು ಕಸಿದುಕೊಳ್ಳಬೇಡಿ. ಒಂದು ಟ್ರೇ ಹಾಳಾದರೆ ಅದು ಕಲಿಕೆಯ ಖರ್ಚು.

ಎರಡು ವಿಷಯದಲ್ಲಿ ಮಾತ್ರ ರಾಜಿ ಬೇಡ. ಕೀಟನಾಶಕದ ಕಪಾಟಿಗೆ ಬೀಗ ಇರಲಿ, ಕೀಲಿಕೈ ಜವಾಬ್ದಾರರೊಬ್ಬರ ಬಳಿಯೇ ಇರಲಿ. ಮನೋರೋಗದ ಕೆಲವು ಮದ್ದುಗಳನ್ನು ತೆಗೆದುಕೊಳ್ಳುವವರಿಗೆ ಸೆಕೆ ತಡೆಯುವುದಿಲ್ಲ. ಮಾರ್ಚ್‌ನಿಂದ ಮೇ ತನಕ ಒಳಗಿನ ಕೆಲಸ ಹತ್ತು ಗಂಟೆಗೇ ಮುಗಿಸಿ, ನಡುನಡುವೆ ಕುಡಿಯಲು ನೀರು ಕೊಡಿ. ಲೇಬಲ್ ಬರೆಯುವುದು, ಟ್ರೇ ತೊಳೆಯುವುದು ಆಮೇಲೆ ನೆರಳಿನಲ್ಲಿ ಆಗಲಿ.

ಬಿತ್ತಿದ ದಿನ, ತಳಿ, 98ರಲ್ಲಿ ಮೊಳೆತದ್ದೆಷ್ಟು, ಇಷ್ಟನ್ನು ಪುಸ್ತಕದಲ್ಲಿ ಅವರೇ ಬರೆಯಲಿ. ನರ್ಸರಿಗಳಲ್ಲಿ ಕೆಲಸ ಕೇಳುವಾಗ ತೋರಿಸಲು ಅದು ಬೇಕು. ಟೊಮೆಟೊ 25ನೇ ದಿನದ ಹೊತ್ತಿಗೆ ತಯಾರು, ಮೆಣಸಿನಕಾಯಿಗೆ ಇನ್ನೂ ಹತ್ತು ದಿನ ಬೇಕು. ಕಾಂಡ ಹಿಡಿದು ಮೆಲ್ಲನೆ ಎಳೆಯಿರಿ. ಬೇರು ಹುಡಿಯನ್ನೆಲ್ಲ ತಬ್ಬಿಕೊಂಡು ಇಡಿಯಾಗಿ ಬಂದರೆ ಮಾರಬಹುದು.